ಅಜ್ಜನವರು ಮಜ್ಜಿಗೆಯ ಸೌಟು ಕೊಟ್ಟದ್ದು

ನೆಲ್ಲಿಕಟ್ಟಿಯ ಪರಮಪೂಜ್ಯ ಶ್ರೀ ಬಯಲಪ್ಪ ಅಜ್ಜನವರ ಮಠವೆಂದರೆ ಮೂರು ಅಂಕಣದ ಒಂದು ಮಣ್ಣಿನ ಮನೆ. ಗೋಪುರವಿಲ್ಲ, ಗದ್ದುಗೆಯಿಲ್ಲ, ಬಾಗಿಲಿಗೆ ಬೀಗವೂ ಇಲ್ಲ. ಮುಂದಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಪೂಜ್ಯರು ಕೂಡುತ್ತಿದ್ದರು. ಅವರ ಕೈ ಖಾಲಿಯಿದ್ದದ್ದನ್ನು ಕಂಡವರಿಲ್ಲ. ಸೊಪ್ಪು ಸೋಸುವರು, ಬೆಳ್ಳುಳ್ಳಿ ಸುಲಿಯುವರು, ಹುಣಸೆಹಣ್ಣಿನ ಬೀಜ ಬಿಡಿಸುವರು. ಪಾದ ಮುಟ್ಟಲು ಬಂದವರು ಮೊದಲು ಹುಣಸೆಯ ಬುಟ್ಟಿಯನ್ನು ಆಚೆ ಸರಿಸಬೇಕಾಗುತ್ತಿತ್ತು. ಹಾಗೆ ಸರಿಸಿದವರ ಕೈಗೆ ಪೂಜ್ಯರು ಒಂದು ಹಿಡಿ ಹುಣಸೆಹಣ್ಣು ಇಡುತ್ತಿದ್ದರು. ಪ್ರಸಾದವೆಂದು ಅದನ್ನು ಕಣ್ಣಿಗೆ ಒತ್ತಿಕೊಂಡವರಿಗೆ, "ಬೀಜ ತಗೀಪಾ" ಎನ್ನುತ್ತಿದ್ದರು.

ಅವರ ಮಾತು ಬಹಳ ಕಡಿಮೆ. ದೂರದಿಂದ ಗಾಡಿ ಕಟ್ಟಿಕೊಂಡು ಬಂದವರು ಅರ್ಧ ದಿನ ತಮ್ಮ ಕಷ್ಟ ಹೇಳಿಕೊಂಡು, ನಾಲ್ಕೇ ಮಾತು ಕೇಳಿಸಿಕೊಂಡು ಮರಳಿದ್ದುಂಟು. ಆ ನಾಲ್ಕರಲ್ಲಿ ಎರಡು "ಊಟ ಮಾಡಿ ಹೋಗು" ಎಂಬ ಅರ್ಥದವೇ ಆಗಿರುತ್ತಿದ್ದವು. ಪ್ರತಿ ಸೋಮವಾರ ಮಧ್ಯಾಹ್ನ ಮಠದಲ್ಲಿ ದಾಸೋಹ ನಡೆಯುತ್ತಿತ್ತು. ಜೋಳದ ನುಚ್ಚು, ಹುಳಿ ಮುಂದಾದ ಸಾರು, ಕೊನೆಗೆ ಮಜ್ಜಿಗೆ. ಎರಡು ಮೈಲಿ ಆಚೆಯ ಹೊಸಕಟ್ಟಿ ಪೇಟೆಗೆ ಸೋಮವಾರ ಬಿಡುವಾದ್ದರಿಂದ ಅಂಗಡಿಕಾರರು, ಹಮಾಲರು, ಗಾಡಿಯವರು, ಕಾಯಿಪಲ್ಲೆ ಮಾರುವ ಹೆಣ್ಣುಮಕ್ಕಳು ಎಲ್ಲರೂ ಅಂದು ನೆಲ್ಲಿಕಟ್ಟಿಯ ದಾರಿ ಹಿಡಿಯುತ್ತಿದ್ದರು.

ಆಣೆಯ ಲೆಕ್ಕ ಹೋಗಿ ನಯಾ ಪೈಸೆಯ ಲೆಕ್ಕ ಬಂದ ವರ್ಷ ನಡೆದ ಮಾತಿದು.

ಹೊಸಕಟ್ಟಿಯಲ್ಲಿ ಮಹಾರುದ್ರಪ್ಪ ಶೆಟ್ಟರದು ದೊಡ್ಡ ಕಿರಾಣಿ ಅಂಗಡಿ. ಶೆಟ್ಟರು ದೈವಭಕ್ತರು, ಒಂದು ಕಾಸಿಗೂ ತಪ್ಪದವರು. ತೂಕದಲ್ಲಿ ಒಂದು ಕಾಳು ಹೆಚ್ಚು ಬಿದ್ದರೂ ತೆಗೆಯುವರು, ಒಂದು ಕಾಳು ಕಡಿಮೆಯಾದರೂ ಹಾಕುವರು. ಆ ಅಂಗಡಿಯ ಗಲ್ಲೆಯ ಮೇಲೆ, ಅಂದರೆ ಹಣದ ಪೆಟ್ಟಿಗೆಯ ಮುಂದೆ, ಕೂಡುವ ಕೆಲಸ ಅಡಿವೆಪ್ಪನಿಗೆ ಸಿಕ್ಕದ್ದು ಅವನ ಮನೆತನದ ಹೆಸರಿನಿಂದ. ಅವನ ಮನೆತನದವರಿಗೆ ರೊಕ್ಕದ ಎಂದು ಅಡ್ಡಹೆಸರು. ಯಾವ ಕಾಲದಲ್ಲಿ ಯಾವ ಹಿರಿಯರು ರೊಕ್ಕ ಕಂಡಿದ್ದರೋ ಯಾರಿಗೂ ನೆನಪಿಲ್ಲ. ಆದರೆ ಶೆಟ್ಟರು, "ರೊಕ್ಕದ ಮನಿತನದವನು ರೊಕ್ಕ ಎಣಿಸಾಕ ಇನ್ನೇನು ಕಲೀಬೇಕು" ಎಂದು ತಿಂಗಳಿಗೆ ಮೂವತ್ತೈದು ರೂಪಾಯಿ ಗೊತ್ತುಮಾಡಿ ಅವನನ್ನು ಕೂರಿಸಿಬಿಟ್ಟರು.

ಅಡಿವೆಪ್ಪನಲ್ಲಿ ಕೆಟ್ಟ ಗುಣ ಒಂದೂ ಇರಲಿಲ್ಲ. ಎಲೆ ಅಡಿಕೆ ಸಹ ಹಾಕುತ್ತಿರಲಿಲ್ಲ. ಅವನಲ್ಲಿದ್ದದ್ದು ಒಂದೇ ದೋಷ: ಎದುರಿಗೆ ಯಾರಾದರೂ ಮಾತನಾಡುತ್ತಿದ್ದರೆ ಅವರ ಮುಖ ನೋಡದೆ ಇರಲಾರ, ಮುಖ ನೋಡುತ್ತ ಎಣಿಸಲಾರ. ಗಿರಾಕಿ ಬಂದು, "ಮಗಳ ಸೀಮಂತಕ್ಕ ಬೆಲ್ಲ ಬೇಕಾಗಿತ್ತು" ಎಂದರೆ ಸಾಕು, ಮಗಳಿಗೆ ಎಷ್ಟನೆಯ ತಿಂಗಳು, ಅಳಿಯನ ಊರು ಯಾವುದು, ಅವನಿಗೆ ಕೆಮ್ಮಿತ್ತಲ್ಲ ಅದು ಹೋಯಿತೇ ಎಂದೆಲ್ಲ ವಿಚಾರಿಸುವುದರೊಳಗೆ ಕೈ ತನ್ನ ಪಾಡಿಗೆ ತಾನು ಗಲ್ಲೆಯಿಂದ ಚಿಲ್ಲರೆ ತೆಗೆದು ಕೊಟ್ಟಿರುತ್ತಿತ್ತು. ಬಾಯಿಗೂ ಕೈಗೂ ಸಂಬಂಧವೇ ಇರುತ್ತಿರಲಿಲ್ಲ. ಆಣೆಯ ಕಾಲದಲ್ಲಿ ಅದು ಹೇಗೋ ನಡೆದುಹೋಯಿತು. ಕೈಗೆ ಹಳೆಯ ರೂಢಿಯಿತ್ತು.

ನಯಾ ಪೈಸೆ ಬಂದ ಮೇಲೆ ಕೈಗೂ ದಿಕ್ಕು ತಪ್ಪಿತು. ಅಂಗಡಿಯ ಕಂಬಕ್ಕೆ ಸರಕಾರದ ತಖ್ತೆ ಅಂಟಿಸಿದ್ದರು. ಒಂದಾಣೆಗೆ ಆರು ಪೈಸೆ, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಅಡಿವೆಪ್ಪ ಮೂರಾಣೆಯ ಹತ್ತಿರ ಬಂದು ನಿಂತುಬಿಡುತ್ತಿದ್ದ. "ಆರು ಮೂರಲೆ ಹದಿನೆಂಟಲ್ಲೇನ್ರಿ ಸಾವುಕಾರ್ರ?" ಎಂದು ಕೇಳುವನು. "ಹದಿನೆಂಟೇ. ಆದ್ರ ಮೂರಾಣೆಗೆ ಹತ್ತೊಂಬತ್ತು" ಎಂದು ಶೆಟ್ಟರು ಹೇಳುವರು. ಈ ಅನ್ಯಾಯ ಅವನ ಮನಸ್ಸಿಗೆ ಒಪ್ಪುತ್ತಿರಲಿಲ್ಲ. ಗಿರಾಕಿಗಳಿಗೂ ಒಪ್ಪುತ್ತಿರಲಿಲ್ಲ. ಒಬ್ಬೊಬ್ಬರೊಂದಿಗೂ ಅದನ್ನು ಚರ್ಚಿಸುತ್ತ ಅವನು ಆರರ ಬದಲು ಹದಿನಾರು, ಹನ್ನೆರಡರ ಬದಲು ಇಪ್ಪತ್ತು ಕೊಟ್ಟು ಕಳಿಸುತ್ತಿದ್ದ. ಕಡಿಮೆ ಕೊಟ್ಟಾಗ ಗಿರಾಕಿ ತಾನೇ ಕೂಗಿ ಕೇಳಿ ಇಸಿದುಕೊಳ್ಳುತ್ತಿದ್ದುದರಿಂದ ಆ ತಪ್ಪುಗಳು ಅಲ್ಲಲ್ಲೇ ಸರಿಹೋಗುತ್ತಿದ್ದವು. ಹೆಚ್ಚು ಕೊಟ್ಟಾಗ ಯಾರೂ ಕೂಗುತ್ತಿರಲಿಲ್ಲ.

ಶ್ರಾವಣದ ಕೊನೆಗೆ ಶೆಟ್ಟರು ನಾಲ್ಕು ತಿಂಗಳ ಲೆಕ್ಕ ತೆಗೆದು ನೋಡಿದರು. ನಲವತ್ತಮೂರು ರೂಪಾಯಿ ಕಡಿಮೆ ಬಿದ್ದಿತ್ತು. ಮೂರು ಸಲ ಕೂಡಿಸಿದರು. ಮೂರು ಸಲವೂ ಅಷ್ಟೇ. ಅವರು ಅಡಿವೆಪ್ಪನನ್ನು ಒಳಗೆ ಕರೆದು, ತಾವೇ ಅಪರಾಧಿ ಎಂಬಂತೆ ನೆಲ ನೋಡುತ್ತ ಹೇಳಿದರು: "ಅಡಿವೆಪ್ಪಾ, ನೀ ಕಳ್ಳ ಅಲ್ಲ ಅಂತ ನನಗ ಗೊತ್ತೈತಿ. ಕಳ್ಳ ಆಗಿದ್ರ ಲೆಕ್ಕಾ ಸರಿಯಾಗಿ ಇಟ್ಟಿರ್ತಿದ್ದಿ. ಕಳ್ಳನ್ನ ಹಿಡಿದು, ಬೈದು, ಮತ್ತ ಇಟ್ಕೋಬಹುದು. ನಿನ್ನ ಹೆಂಗ ಇಟ್ಕೊಳ್ಳಲಿ ಹೇಳು. ನಾಳಿಂದ ಬರಬ್ಯಾಡ."

ಆ ತಿಂಗಳ ಸಂಬಳವನ್ನೂ ಕೈಯಲ್ಲಿಟ್ಟರು. ಅಡಿವೆಪ್ಪ ಅದನ್ನು ಎಣಿಸದೆ ಜೇಬಿಗೆ ಹಾಕಿಕೊಂಡು ಹೊರಬಂದ.

ಶೆಟ್ಟರು ಕಳ್ಳನಲ್ಲ ಎಂದದ್ದು ಒಳಮನೆಯಲ್ಲಿ. ಗಲ್ಲೆಯಿಂದ ಇಳಿಸಿದ್ದು ಪೇಟೆಯ ನಡುವೆ. ಸಂಜೆಯೊಳಗೆ ಪೇಟೆಯಲ್ಲಿ, "ಅಡಿವೆಪ್ಪ ಗಲ್ಲೆಕ್ಕ ಕೈ ಹಾಕಿದ್ನಂತ" ಎಂಬ ಮಾತು ಹಬ್ಬಿತು. ಮರುದಿನ ಅದು ನೂರು ರೂಪಾಯಿ ಆಯಿತು, ಮೂರನೆಯ ದಿನ ಇನ್ನೂರು. ಹೆಚ್ಚು ಚಿಲ್ಲರೆ ಪಡೆದು ಮನೆಗೆ ಹೋಗಿದ್ದವರೂ, "ನೋಡಾಕ ಎಷ್ಟು ಸಾಧು ಇದ್ದ" ಎಂದು ತಲೆಯಾಡಿಸಿದರು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ನಾಲ್ಕನೆಯ ದಿನ. ಅವನ ಹಿರಿಯ ಮಗಳನ್ನು ತಮ್ಮ ಮಗನಿಗೆ ತಂದುಕೊಳ್ಳಲು ಒಪ್ಪಿದ್ದ ಫಕೀರಪ್ಪ ಉಳ್ಳಾಗಡ್ಡಿಯವರು, ಅದೇ ಪೇಟೆಯ ಉಳ್ಳಾಗಡ್ಡಿ ವ್ಯಾಪಾರಿಗಳು, "ಲಗ್ನದ ಮಾತು ದೀಪಾವಳಿ ಆದ ಮ್ಯಾಲೆ ನೋಡೋಣು" ಎಂದು ಹೇಳಿ ಕಳಿಸಿದರು. ದೀಪಾವಳಿಯೆಂದರೆ ಯಾವ ವರ್ಷದ್ದು ಎಂದು ಹೇಳಿರಲಿಲ್ಲ.

ಅಡಿವೆಪ್ಪ ಮೂಲೆ ಹಿಡಿದು ಕುಳಿತ. ಊಟಕ್ಕೆ ಕರೆದರೆ ಗೋಡೆಯ ಕಡೆ ತಿರುಗುವನು. ಅವನ ಹೆಂಡತಿ ಕಾಶವ್ವ ಎರಡು ದಿನ ನೋಡಿದಳು. ಮೂರನೆಯ ದಿನ ಒಂದು ಸೇರು ಜೋಳವನ್ನು ಅರಿವೆಯಲ್ಲಿ ಕಟ್ಟಿ ಮುಂದಿಟ್ಟು, "ಅಜ್ಜಾರ ಹತ್ರ ಹೋಗಿ ಬರ್ರಿ" ಎಂದಳು.

"ಅಜ್ಜಾರಿಗೆ ಲೆಕ್ಕದ್ದೇನು ಗೊತ್ತು? ಅವರು ರೊಕ್ಕಾ ಮುಟ್ಟಿದ್ದ ನಾ ನೋಡಿಲ್ಲ."

"ನೀವು ಮುಟ್ಟಿ ಏನು ಮಾಡೀರಿ?"

ಅಡಿವೆಪ್ಪನಿಗೆ ಮಠದಲ್ಲಿ ಅಂಥ ನಂಬಿಕೆ ಇರಲಿಲ್ಲ. ಒಮ್ಮೆ ಹಲ್ಲುನೋವಿಗೆಂದು ಹೋದಾಗ ಪೂಜ್ಯರು, "ಹಲ್ಲು ಕೀಳಿಸಿ ಬಾ" ಎಂದಿದ್ದರು. ಇಷ್ಟು ಹೇಳಲು ಮಹಾತ್ಮರೇ ಬೇಕಾಗಿತ್ತೇ ಎಂದು ಅವನು ಅಂದಿನಿಂದ ಅಸಮಾಧಾನಪಟ್ಟುಕೊಂಡಿದ್ದ. ಆದರೂ ಹೆಂಡತಿಯ ಮಾತು ಮೀರಲಾರದೆ ಜೋಳದ ಗಂಟು ಹೊತ್ತುಕೊಂಡು ಹೊರಟ.

ಪೂಜ್ಯರು ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಅಡಿವೆಪ್ಪ ಬುಟ್ಟಿ ಸರಿಸಿ ಅಡ್ಡಬಿದ್ದ. ಕೈಗೆ ಹುಣಸೆಹಣ್ಣು ಬಂತು. ಅವನು ಬೀಜ ತೆಗೆಯುತ್ತ ತನ್ನ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ತಖ್ತೆಯ ಅನ್ಯಾಯ, ಶೆಟ್ಟರ ಮಾತು, ಪೇಟೆಯ ಬಾಯಿ, ಬೀಗರಾಗಬೇಕಾದವರ ದೀಪಾವಳಿ, ಯಾವುದನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಬೀಜವನ್ನು ಹಣ್ಣಿನ ಬುಟ್ಟಿಗೂ ಹಣ್ಣನ್ನು ಬೀಜದ ಮೊರಕ್ಕೂ ಹಾಕುತ್ತಿದ್ದ. ಪೂಜ್ಯರು ಅದನ್ನು ಕಂಡು, ಅವನು ಹಾಕಿದ ಹಾಗೆಲ್ಲ ತಿರುಗಿ ಆರಿಸಿ ಇಡುತ್ತಿದ್ದರು.

ಕೊನೆಗೆ ಅಡಿವೆಪ್ಪ, "ಯಪ್ಪಾ, ನಾ ಒಂದು ಪೈಸೆ ಮುಟ್ಟಿಲ್ಲ ಅಂತ ನೀವು ಒಂದು ಮಾತು ಪೇಟ್ಯಾಗ ಹೇಳಿಬಿಟ್ರ ನನ್ನ ಮಾನ ಉಳೀತೈತ್ರಿ" ಎಂದು ಕೈಮುಗಿದ.

ಪೂಜ್ಯರು, "ಸೋಮವಾರ ಬಾ. ಮಜ್ಜಿಗಿ ನೀಡಾಕ ಒಬ್ಬರು ಬೇಕಾಗ್ಯಾರ" ಎಂದರು.

ಅಡಿವೆಪ್ಪ ಮುಖ ನೋಡಿದ. ಇನ್ನೇನಾದರೂ ಬರಬಹುದೆಂದು ಕಾದ. ಬಂತು.

"ರೊಕ್ಕದ ಮಾತು ಮಾತ್ರ ಎತ್ತಬ್ಯಾಡ. ಉಳಿದದ್ದು ನಿನ್ನ ಮನಸಿಗೆ ಬಂದಂಗ ಮಾತಾಡು."

ಮನೆಗೆ ಮರಳುವಾಗ ಅವನ ಕೋಪ ಎರಡು ಮೈಲಿಯೂ ಇಳಿಯಲಿಲ್ಲ. ಮಾನ ಕೇಳಲು ಹೋದರೆ ಮಜ್ಜಿಗೆಯ ಸೌಟು ಕೊಟ್ಟರಲ್ಲ, ಅದೂ ಇಡೀ ಪೇಟೆ ಬಂದು ಕೂಡುವ ಪಂಕ್ತಿಯಲ್ಲಿ, ಒಬ್ಬೊಬ್ಬರ ಮುಂದೆಯೂ ಬಗ್ಗಬೇಕು. ಹೋಗಬಾರದೆಂದೇ ನಿಶ್ಚಯಿಸಿದ. ಆದರೆ ಕಾಶವ್ವ ಸೋಮವಾರ ಬೆಳಿಗ್ಗೆಯೇ ಅವನ ಅಂಗಿ ಒಗೆದು ಒಣಹಾಕಿಬಿಟ್ಟಿದ್ದಳು.

ಅಂದು ಮಠದ ಅಂಗಳದಲ್ಲಿ ಮುತ್ತಲ ಎಲೆಯ ಪತ್ರಾವಳಿಗಳನ್ನು ಹಾಸಿದರು. ಅಡಿವೆಪ್ಪ ಮಜ್ಜಿಗೆಯ ಕೊಡ ಹಿಡಿದು ಪಂಕ್ತಿಗೆ ಬಂದೊಡನೆ ಮಾತೆಲ್ಲ ನಿಂತಿತು. ಮೊದಲ ಎಲೆ ಗಾಡಿ ಹೊಡೆಯುವ ಹುಸೇನಸಾಬನದು. ಅಡಿವೆಪ್ಪ ಬಗ್ಗಿ ಅವನ ಮುಖ ನೋಡಿದ. ನೋಡಿದೊಡನೆ ಉಳಿದದ್ದೆಲ್ಲ ಮರೆತುಹೋಯಿತು.

"ಹುಸೇನಣ್ಣ, ಎಡಗಡೆ ಎತ್ತಿನ ಕಾಲು ಬಾತಿತ್ತಲ್ಲ, ಇಳೀತೇನು? ಬೇವಿನ ಎಣ್ಣಿ ಹಚ್ಚಿದ್ದೇನು?"

ಆ ಎತ್ತಿನ ಕಾಲಿನ ಸುದ್ದಿ ಹೇಳಿದ ದಿನವೇ ಹುಸೇನಸಾಬನಿಗೆ ಎಂಟಾಣೆ ಹೆಚ್ಚಿಗೆ ಬಂದಿತ್ತು. ಅದು ಅವನಿಗೆ ಚೆನ್ನಾಗಿ ನೆನಪಿತ್ತು. ಅಡಿವೆಪ್ಪನಿಗೆ ಎತ್ತು ಮಾತ್ರ ನೆನಪಿತ್ತು. "ಇಳೀತು" ಎಂದ ಹುಸೇನಸಾಬ ಎತ್ತಿದ ತುತ್ತನ್ನು ತಿರುಗಿ ಎಲೆಗೇ ಇಟ್ಟ. ಹೀಗೆಯೇ ಅಡಿವೆಪ್ಪ ಎಲೆಯಿಂದ ಎಲೆಗೆ ಹೋದ. ಒಬ್ಬರ ಸೊಸೆಯ ತವರಿನ ಜಗಳ, ಇನ್ನೊಬ್ಬರ ಬಾವಿಯ ನೀರು, ಮತ್ತೊಬ್ಬರ ತಾಯಿಯ ಕಣ್ಣಿನ ಪೊರೆ, ಎಲ್ಲರದೂ ಅವನ ನಾಲಗೆಯ ತುದಿಯಲ್ಲಿತ್ತು. ಒಬ್ಬೊಬ್ಬರನ್ನೂ ಅಕ್ಕರೆಯಿಂದ ವಿಚಾರಿಸಿದ. ವಿಚಾರಿಸಿಕೊಂಡವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ಕಳ್ಳನೆನಿಸಿಕೊಂಡಿದ್ದವನು ಒಂದು ಬಿರುನುಡಿ ಆಡಿದ್ದರೆ ಅವರೂ ನಾಲ್ಕು ಆಡಿ ಹಗುರಾಗುತ್ತಿದ್ದರು. ಅವನು ಮತ್ತೊಂದು ಸೌಟು ಮಜ್ಜಿಗೆ ಹಾಕಿ ಮುಂದೆ ಹೋಗುತ್ತಿದ್ದ.

ಊಟವಾಗಿ ಎಲೆ ತೆಗೆಯುವಾಗ ಹುಸೇನಸಾಬನ ಎಲೆಯ ಕೆಳಗೆ ಎಂಟಾಣೆಯ ನಾಣ್ಯವೊಂದು ಸಿಕ್ಕಿತು. ಮುಂದಿನ ಎಲೆಯ ಕೆಳಗೆ ಹತ್ತು ಪೈಸೆ. ಅದರಾಚೆಗೆ ಎರಡಾಣೆ. ಅಡಿವೆಪ್ಪ ಗಾಬರಿಯಾಗಿ ಎಲ್ಲವನ್ನೂ ಬೊಗಸೆಯಲ್ಲಿ ತುಂಬಿಕೊಂಡು ಪೂಜ್ಯರ ಬಳಿಗೆ ಓಡಿದ.

"ಯಪ್ಪಾ, ಮಂದಿ ರೊಕ್ಕಾ ಮರೆತು ಹೋಗ್ಯಾರ್ರಿ."

ಪೂಜ್ಯರು ಬೊಗಸೆಯ ಕಡೆ ನೋಡಲಿಲ್ಲ. "ಗಡಗಿಯೊಳಗ ಹಾಕಿಡು" ಎಂದರು.

ಎರಡನೆಯ ಸೋಮವಾರದ ಹೊತ್ತಿಗೆ ಮುಚ್ಚುಮರೆ ಉಳಿಯಲಿಲ್ಲ. ಕನ್ನಡ ಸಾಲೆಯ ಕೊಟಬಾಗಿ ಮಾಸ್ತರರು ಊಟಕ್ಕೆ ಮೊದಲೇ ಎದ್ದುನಿಂತು, ತಮಗೆ ಜ್ಯೇಷ್ಠ ಮಾಸದಲ್ಲಿ ಅರವತ್ತೆರಡು ನಯಾ ಪೈಸೆ ಹೆಚ್ಚಿಗೆ ಬಂದಿತ್ತೆಂದೂ, ತಾವು ಗಣಿತ ಕಲಿಸುವವರಾದ್ದರಿಂದ ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಅದು ತಿಳಿದಿತ್ತೆಂದೂ ಒಪ್ಪಿಕೊಂಡು, ಮೂರು ತಿಂಗಳ ಬಡ್ಡಿ ಸೇರಿಸಿ ಗಡಿಗೆಗೆ ಹಾಕಿದರು. ಬಡ್ಡಿಯ ಲೆಕ್ಕವನ್ನು ಪಂಕ್ತಿಗೆಲ್ಲ ಬಿಡಿಸಿ ಹೇಳಿದ್ದರಿಂದ ಅಂದು ಸಾರು ಆರಿಹೋಯಿತು. ಹೂವು ಮಾರುವ ಮುದುಕಿಯೊಬ್ಬಳು ನಾಲ್ಕಾಣೆ ತಂದು, "ನನಗ ಹೆಚ್ಚಿಗಿ ಬಂದದ್ದು ಎರಡಾಣೆ. ಉಳಿದದ್ದು ವಾಪಸು ಕೊಡಪಾ" ಎಂದಳು. ಅಡಿವೆಪ್ಪ ಗಡಿಗೆಯಲ್ಲಿ ಕೈಹಾಕಿ, ಮೊಮ್ಮಗಳು ಸಾಲೆಗೆ ಹೋಗುತ್ತಾಳೋ ಇಲ್ಲವೋ ಎಂದು ಕೇಳುತ್ತ ಚಿಲ್ಲರೆ ಕೊಟ್ಟ. ಮುದುಕಿ ಅಂಗೈ ಬಿಡಿಸಿ ನೋಡಿ ನಿಟ್ಟುಸಿರುಬಿಟ್ಟು, ಅದರಲ್ಲಿ ಒಂದಾಣೆ ತಿರುಗಿ ಗಡಿಗೆಗೆ ಹಾಕಿ ಹೋದಳು. ಅಂದಿನಿಂದ ಗಡಿಗೆಯ ಹತ್ತಿರ ಅಡಿವೆಪ್ಪ ಹೋಗಬಾರದೆಂದು ಮಾಸ್ತರರೇ ಕಟ್ಟು ಮಾಡಿದರು.

ಮೂರನೆಯ ಸೋಮವಾರ ಫಕೀರಪ್ಪ ಉಳ್ಳಾಗಡ್ಡಿಯವರು ಬಂದರು. ಅಡಿವೆಪ್ಪ ಅವರ ಮುಖ ನೋಡದೆ ಮಜ್ಜಿಗೆ ಹಾಕಿದ. ಫಕೀರಪ್ಪನವರು ಮಜ್ಜಿಗೆಯನ್ನು ನುಚ್ಚಿಗೆ ಕಲಸುತ್ತ ಗಟ್ಟಿಯಾಗಿಯೇ ಹೇಳಿದರು: "ಬೀಗರ, ನನ್ನ ಕಡಿಗೂ ಒಂದು ಮೂರಾಣೆ ಬಂದದ್ದೈತ್ರಿ. ಹತ್ತೊಂಬತ್ತು ಹಾಕ್ಲೋ, ಹದಿನೆಂಟು ಹಾಕ್ಲೋ?" ಬೀಗರೆಂದು ಕರೆದದ್ದನ್ನು ಪಂಕ್ತಿಯವರೆಲ್ಲ ಕೇಳಿಸಿಕೊಂಡರು. ಅಡಿವೆಪ್ಪನ ಸೌಟಿನ ಮಜ್ಜಿಗೆ ಎಲೆ ದಾಟಿ ಫಕೀರಪ್ಪನವರ ಧೋತರದ ಮೇಲೆ ಬಿತ್ತು. ಅವರು ಅದನ್ನು ಒರೆಸಿಕೊಂಡು ಉಣ್ಣತೊಡಗಿದರು.

ಸುದ್ದಿ ಶೆಟ್ಟರಿಗೆ ಮುಟ್ಟಿತು. ನಾಲ್ಕನೆಯ ಸೋಮವಾರ ಅವರು ಲೆಕ್ಕದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮಠಕ್ಕೆ ಬಂದರು. ಪಂಕ್ತಿ ಕುಳಿತಿತ್ತು. ಪೂಜ್ಯರ ಅಪ್ಪಣೆಯಂತೆ ಗಡಿಗೆಯನ್ನು ಅವರ ಮುಂದೆ ಬೋರಲು ಹಾಕಿದರು. ಶೆಟ್ಟರು ಒಮ್ಮೆ ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಮಾಸ್ತರರ ಕೈಯಿಂದಲೂ ಎಣಿಸಿಸಿದರು. ಸರಿಯಾಗಿ ಐವತ್ತೊಂದು ರೂಪಾಯಿಯಿತ್ತು. ನಾಚಿಕೆಯಿಂದ ಒಂದಿಷ್ಟು ಹೆಚ್ಚೇ ಹಾಕಿದವರು ಕೆಲವರು, ಮರೆತು ಎರಡು ಸಲ ಹಾಕಿದವರು ಕೆಲವರು, ಬೇರೆ ಅಂಗಡಿಯಲ್ಲಿ ಬಂದದ್ದನ್ನು ಇಲ್ಲಿ ತೀರಿಸಿಕೊಂಡವರೂ ಕೆಲವರಿದ್ದರೆಂದು ಆಮೇಲೆ ತಿಳಿಯಿತು.

ಶೆಟ್ಟರ ಹಣೆಯಲ್ಲಿ ಬೆವರು ಬಂತು. "ಕಡಿಮಿ ಬಂದ್ರ ಹೆಂಗರ ತಡಕೋತಿದ್ದೆರಿ ಅಜ್ಜಾರ. ಎಂಟು ರೂಪಾಯಿ ಹೆಚ್ಚಿಗಿ ಬಂದೈತಿ. ಇದನ್ನ ಪುಸ್ತಕದಾಗ ಹೆಂಗ ಬರೀಲಿ?" ಎಂದು ಅಳುವ ದನಿಯಲ್ಲಿ ಕೇಳಿದರು.

ಪೂಜ್ಯರು, "ಬರೀಬ್ಯಾಡ. ಮಜ್ಜಿಗಿಗೆ ಬಿಡು" ಎಂದರು.

ಶೆಟ್ಟರು ಒಪ್ಪಿ, ನಲವತ್ತಮೂರನ್ನು ಬೇರೆ ಕಟ್ಟಿಕೊಂಡರು. ಆಮೇಲೆ ಎದ್ದುನಿಂತು, ಪಂಕ್ತಿಯ ಕಡೆ ತಿರುಗಿ, ಅಡಿವೆಪ್ಪ ಒಂದು ಪೈಸೆಯನ್ನೂ ಮುಟ್ಟಿಲ್ಲವೆಂದೂ, ಹೋದದ್ದೆಲ್ಲ ಎಣಿಕೆಯ ತಪ್ಪಿನಿಂದ ಹೋದದ್ದೆಂದೂ, ತಾವು ಮಾಡಿದ್ದು ಅವಸರವೆಂದೂ ಎಲ್ಲರೆದುರು ಹೇಳಿದರು. ಅಡಿವೆಪ್ಪ ಸೌಟು ಹಿಡಿದು ನಿಂತಿದ್ದ. ಈ ಮಾತಿಗಾಗಿಯೇ ಅವನು ಜೋಳ ಹೊತ್ತು ಬಂದಿದ್ದ. ಅವನ ಎದೆ ತುಂಬಿತು, ತಲೆ ಮೇಲಕ್ಕೆದ್ದಿತು. ಅಜ್ಜನವರೂ ಕೇಳಿದರೋ ಇಲ್ಲವೋ ಎಂದು ಒಮ್ಮೆ ಕಟ್ಟೆಯ ಕಡೆಗೂ ನೋಡಿದ. ಪೂಜ್ಯರು ಬೀಜ ಬಿಡಿಸುತ್ತಿದ್ದರು.

ಅಷ್ಟರಲ್ಲಿ ಯಮನವ್ವ ಬಂದಳು. ಹಸಿಮೆಣಸಿನಕಾಯಿ ಮಾರಿ ಬದುಕುವ ಬಡವಿ, ಗಂಡನಿಲ್ಲದವಳು. ಮಗಳ ಬಾಣಂತನ ಮುಗಿಸಿ ಅವಳ ಊರಿಂದ ಅಂದೇ ಬಂದಿದ್ದಳು. ಪೇಟೆಯಲ್ಲಿ ಸುದ್ದಿ ಕೇಳಿ, ನೇರ ಮಠಕ್ಕೆ ನಡೆದು ಬಂದು, ಸೆರಗಿನ ಗಂಟು ಬಿಚ್ಚಿ ಎರಡು ರೂಪಾಯಿ ತೆಗೆದಳು.

"ಅಣ್ಣಾರ, ಅವತ್ತು ನಾ ಬೆಲ್ಲ, ಅಜವಾನ ಒಯ್ಯಾಕ ಬಂದಾಗ ನೀವು ತಪ್ಪಿ ಎರಡು ರೂಪಾಯಿ ಹೆಚ್ಚಿಗಿ ಕೊಟ್ಟಿದ್ರಿ. ಮಗಳಿಗೆ ಜ್ವರ ಏರಿತ್ತು. ತಿರುಗಿ ಕೊಡಾಕ ಮನಸ ಬರಲಿಲ್ಲ. ಆ ರೊಕ್ಕದಾಗ ಔಷಧ ಆತು. ನನ್ನಿಂದ ನಿಮ್ಮ ಅನ್ನ ಹೋತು" ಎಂದು ಕಣ್ಣೊರೆಸಿಕೊಂಡಳು.

ಪಂಕ್ತಿಯಲ್ಲಿ ಎಲ್ಲರ ಮನಸ್ಸು ಕರಗಿತು. ಶೆಟ್ಟರು, "ಇರಲಿ ಬಿಡವ್ವ, ಅದೂ ಒಂದು ತಪ್ಪು. ಎಣಿಕಿ ತಪ್ಪಿದ್ದಕ್ಕ ಯಾರೇನು ಮಾಡಾಕ ಬರ್ತೈತಿ" ಎಂದು ದೊಡ್ಡ ಮನಸ್ಸು ತೋರಿದರು. ಅಡಿವೆಪ್ಪನೂ, "ಹೌದ್ರಿ, ತಪ್ಪು" ಎಂದುಬಿಟ್ಟ.

ಪೂಜ್ಯರ ಕೈ ನಿಂತಿತು. ಅವರು ಮುಖವೆತ್ತಿ ಅಡಿವೆಪ್ಪನನ್ನು ನೋಡಿ, ಮಗುವನ್ನು ಕೇಳುವಷ್ಟು ಮೆಲ್ಲಗೆ ಕೇಳಿದರು:

"ಅದು ತಪ್ಪೇನು?"

ಎರಡೇ ಮಾತು.

ಆ ದಿನ ಅಡಿವೆಪ್ಪನಿಗೆ ನೆನಪಿತ್ತು. ತನ್ನಿಂದ ತಾನೇ ಅದನ್ನು ಮುಚ್ಚಿಟ್ಟುಕೊಂಡಿದ್ದ, ಅಷ್ಟೇ. ಯಮನವ್ವ ಬಂದಾಗ ಅಂಗಡಿ ಖಾಲಿಯಿತ್ತು. ಡಾಕ್ಟರು ಬರೆದ ಔಷಧಕ್ಕೆ ಎರಡು ರೂಪಾಯಿ ಬೇಕೆಂದು ಅವಳು ಹೇಳಿದಳು. ಅವನ ಸ್ವಂತ ಜೇಬಿನಲ್ಲಿ ಅಂದು ಮೂರು ರೂಪಾಯಿ ಇತ್ತು. ಅದಕ್ಕೆ ಅವನ ಕೈ ಹೋಗಲಿಲ್ಲ. ಗಲ್ಲೆಗೆ ಹೋಯಿತು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿ, ಚಿಲ್ಲರೆಯ ನಡುವೆ ಮಡಚಿಟ್ಟು ಕೊಟ್ಟಿದ್ದ. ಅವಳು ಕಣ್ಣಲ್ಲಿ ನೀರು ತಂದುಕೊಂಡು ಹೋದಾಗ ದಿನವೆಲ್ಲ ಹಿತವಾಗಿತ್ತು. ಸಂಜೆ ಲೆಕ್ಕ ತಪ್ಪಿದಾಗ, ಹತ್ತು ತಪ್ಪಿನೊಳಗೆ ಹನ್ನೊಂದನೆಯದಾಗಿ ಅದೂ ಸೇರಿಹೋಗಿತ್ತು.

ಈಗ ಸುಮ್ಮನಿದ್ದರೆ ಕೇಳುವವರು ಯಾರೂ ಇಲ್ಲ. ಶೆಟ್ಟರು ಕ್ಷಮಿಸಿಯಾಗಿದೆ, ಪಂಕ್ತಿ ಕಣ್ಣೊರೆಸಿಕೊಂಡಾಗಿದೆ, ಬೀಗರು ಎದುರಿಗೇ ಕುಳಿತಿದ್ದಾರೆ. ಹೇಳಿದರೆ ನಾಲ್ಕು ವಾರ ಕಾದು ಪಡೆದ ಮಾನ ನಿಂತ ನಿಲುವಿನಲ್ಲೇ ಹೋಗುತ್ತದೆ. ಅಡಿವೆಪ್ಪ ಪೂಜ್ಯರ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ, ಒತ್ತಾಯವೂ ಇರಲಿಲ್ಲ. ಅವರು ಕಾಯುತ್ತಿದ್ದರು.

ಅವನು ಸೌಟನ್ನು ಕೊಡದೊಳಗಿಟ್ಟು, ಶೆಟ್ಟರ ಮುಂದೆ ಬಂದು ಕೈಮುಗಿದ.

"ಸಾವುಕಾರ್ರ, ಉಳಿದದ್ದೆಲ್ಲಾ ತಪ್ಪು. ಇದು ತಪ್ಪಲ್ರಿ. ಇದನ್ನ ಗೊತ್ತಿದ್ದ ಕೊಟ್ಟೆ. ನನ್ನ ಕಿಸೇದಾಗ ರೊಕ್ಕಾ ಇತ್ತು, ಅದನ್ನ ಕೊಡಲಿಲ್ಲ. ನಿಮ್ಮ ಗಲ್ಲೇದಾಗಿಂದು ತಗದು, ಎರಡು ರೂಪಾಯಿ ಎಣಿಸಿ ಕೊಟ್ಟೆ. ಪುಣ್ಯ ನಾ ತಗೊಂಡೆ, ರೊಕ್ಕಾ ನಿಮ್ಮದು ಹೋತು. ಪೇಟಿ ಮಂದಿ ಗಲ್ಲೆಕ್ಕ ಕೈ ಹಾಕಿದ ಅಂದದ್ದು ಒಂದು ದಿನದ ಮಟ್ಟಿಗೆ ಖರೇ ಐತ್ರಿ."

ಯಮನವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. ಶೆಟ್ಟರು ಅವನನ್ನೇ ನೋಡುತ್ತ ನಿಂತರು. ಲೆಕ್ಕದ ಪುಸ್ತಕವನ್ನು ತೆರೆದರು, ಮುಚ್ಚಿದರು. ಅವರ ಮುಖದಲ್ಲಿ ಏನೇನೋ ಬಂದು ಹೋಯಿತು. ಕೊನೆಗೆ, ಬಹಳ ದಿನದ ಸಂಶಯವೊಂದು ಬಗೆಹರಿದವರಂತೆ ಕೇಳಿದರು:

"ಸರಿಯಾಗಿ ಎರಡ ರೂಪಾಯಿ ಏನು?"

"ಹೌದ್ರಿ. ಎರಡ."

"ಹಂಗಾರ ನಾಲ್ಕು ತಿಂಗಳದಾಗ ಒಂದು ಸಲರೆ ಸರಿಯಾಗಿ ಎಣಿಸೀಯಲ್ಲೋ ಮಾರಾಯಾ."

ಮೊದಲು ನಕ್ಕವರು ಪೂಜ್ಯರು. ಆ ನಗೆಯನ್ನು ಕಂಡವರು ಕಡಿಮೆ. ಹೊಟ್ಟೆ ಕುಲುಕಿ, ಹುಣಸೆಯ ಬುಟ್ಟಿ ಉರುಳಿ, ಬೀಜ ಹಣ್ಣು ಎಲ್ಲ ಒಂದಾದವು. ಆಮೇಲೆ ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಡಿವೆಪ್ಪ ಮಾತ್ರ ಅಳುತ್ತಿದ್ದ. ಅಳುತ್ತಲೇ ಅವನಿಗೂ ನಗೆ ಬಂತು. ಎಷ್ಟೋ ದಿನದಿಂದ ಹೊತ್ತ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ ಅವನ ಹೆಗಲು ಹಗುರಾಗಿತ್ತು. ಹೊತ್ತಿದ್ದೇನೆಂದು ಅಲ್ಲಿಯವರೆಗೆ ಅವನಿಗೇ ತಿಳಿದಿರಲಿಲ್ಲ.

ನಗೆ ಅಡಗಿದ ಮೇಲೆ ಪೂಜ್ಯರು ಯಮನವ್ವನಿಗೆ, "ರೊಕ್ಕಾ ಗಂಟು ಹಾಕ್ಕೊ, ಮಗಳೇ. ಅದು ಅವನ ಸಾಲ" ಎಂದರು. ಶೆಟ್ಟರ ಕಡೆಗೆ ನೋಡಲಿಲ್ಲ, ಆದರೆ ಅವರಿಗೆ ತಿಳಿಯಿತು. ಅಡಿವೆಪ್ಪನನ್ನು ಅವರು ಮರುದಿನದಿಂದಲೇ ಅಂಗಡಿಗೆ ಕರೆದರು. ಗಲ್ಲೆಯ ಮೇಲಲ್ಲ. ಬಾಗಿಲ ಹತ್ತಿರ ನಿಂತು, ಬಂದವರಿಗೆ ಏನು ಬೇಕೆಂದು ಕೇಳಿ ಸಾಮಾನು ತೆಗೆಸಿಕೊಡುವ ಕೆಲಸ. ಸಂಬಳ ಅಷ್ಟೇ, ಮೊದಲ ತಿಂಗಳು ಮಾತ್ರ ಎರಡು ರೂಪಾಯಿ ಕಡಿಮೆ. ಆ ಎರಡು ರೂಪಾಯಿಯನ್ನು ಮುರಿದುಕೊಳ್ಳಬೇಕೆಂದು ಹಟ ಹಿಡಿದವನು ಅಡಿವೆಪ್ಪ. ಗಲ್ಲೆಯ ಮೇಲೆ ಶೆಟ್ಟರೇ ಕುಳಿತರು. ಅವನ ಮಾತು ಕೇಳುವುದಕ್ಕೆಂದೇ ಬರುವ ಗಿರಾಕಿಗಳು ಹೆಚ್ಚಾಗಿ, ಎಣಿಸಿ ಎಣಿಸಿ ಅವರ ಕೈ ಸೋತಿತೆಂದು ಹೇಳುತ್ತಾರೆ. ದೀಪಾವಳಿಗೆ ಮುಂಚೆಯೇ ಮಗಳ ಲಗ್ನವೂ ಆಯಿತು.

ಅಡಿವೆಪ್ಪನವರು ಬದುಕಿರುವವರೆಗೂ ಒಂದು ಸೋಮವಾರವೂ ಮಠಕ್ಕೆ ತಪ್ಪಿಸಲಿಲ್ಲ. ಪೂಜ್ಯರು ಲಿಂಗೈಕ್ಯರಾದ ಮೇಲೂ ಮಜ್ಜಿಗೆ ನೀಡಿದರು. ತಲೆ ನೆರೆದು, ಊರಿಗೆ ಹಿರಿಯರೆನಿಸಿದ ಕಾಲದಲ್ಲಿ ಯಾರಾದರೂ ಅವರ ಮುಂದೆ, "ನಿಮ್ಮಂಥ ಪ್ರಾಮಾಣಿಕರು ಈ ಸೀಮೆಯಲ್ಲಿಲ್ಲ" ಎಂದು ಹೊಗಳಿದರೆ, ಹೊಗಳಿದವರನ್ನು ಕೂರಿಸಿಕೊಂಡು ಈ ಪ್ರಸಂಗವನ್ನು ಪೂರ್ತಿ ಹೇಳದೆ ಬಿಡುತ್ತಿರಲಿಲ್ಲ. ನಾವು ಕೇಳಿದ್ದೂ ಅವರ ಬಾಯಿಂದಲೇ. ಸೊಸೆಯಂದಿರು ಕೇಳುತ್ತಿರಲಿ, ಬೀಗರು ಬಂದಿರಲಿ, ಎರಡು ರೂಪಾಯಿಯ ಮಾತಿಗೆ ಬಂದಾಗ ಅವರು ಒಮ್ಮೆಯೂ ದನಿ ತಗ್ಗಿಸಿದ್ದಿಲ್ಲ.